ಮೈಸೂರಲ್ಲಿ ಹಾಕಿದ ಕಸ್ಟಡಿ ಅರ್ಜಿ ವಾಪಸ್ ಬಂದಿದ್ದಕ್ಕೆ

ಮಗುವನ್ನು ನಿಮ್ಮ ಹತ್ತಿರ ಇಟ್ಕೊಳ್ಳೋಕೆ ನೀವು ಮೈಸೂರಿನ ಕೋರ್ಟ್‌ಗೆ ಹಾಕಿದ ಅರ್ಜಿ ವಾಪಸ್ ಬಂದಿರೋದು ಊರಿನ ಕಾರಣಕ್ಕೇ ಇರಬೇಕು. ನೀವು ಮೈಸೂರಲ್ಲಿದ್ದರೂ ನಾಲ್ಕು ವರ್ಷದ ಮಗು ಹುಟ್ಟಿದಾಗಿನಿಂದ ಗೋಣಿಕೊಪ್ಪದ ಗಂಡನ ಮನೆಯಲ್ಲೇ ಇದೆ, ಡೈವೋರ್ಸ್ ಕೇಸ್ ಇನ್ನೂ ಹಾಕಿಲ್ಲ ಅಂದ್ರಿ ಅಲ್ವಾ, ಹಾಗಿದ್ದಾಗ ಮಕ್ಕಳ ಪಾಲನೆ ಬಗ್ಗೆ ಇರೋ 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆ ಪ್ರಕಾರ ಮಗು ಸಾಮಾನ್ಯವಾಗಿ ವಾಸವಿರೋ ಜಾಗದ ಕೋರ್ಟ್‌ಗೇ ಹೋಗಬೇಕು. ಗೋಣಿಕೊಪ್ಪ ಇರೋದು ಕೊಡಗು ಜಿಲ್ಲೆಯಲ್ಲಿ, ಅಂದರೆ ಕೊಡಗಿನ ಕೋರ್ಟ್‌ಗೆ.

ಮೊದಲು ವಾಪಸ್ ಮಾಡಿದ ಆದೇಶದ ಪ್ರತಿ ತಗೊಂಡು ಕಾರಣ ಓದಿ. ಅದರ ಜೊತೆ ಜನನ ಪ್ರಮಾಣಪತ್ರ, ತಾಯಿ ಕಾರ್ಡ್ (ಬಸುರಿಯಾಗಿದ್ದಾಗ ಆಸ್ಪತ್ರೆಯಲ್ಲಿ ಕೊಡೋ ಕಾರ್ಡ್) ಇಟ್ಕೊಂಡು ಮಡಿಕೇರಿಯ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ. ಹೆಂಗಸರಿಗೆ ಆದಾಯ ಎಷ್ಟಿದ್ದರೂ ವಕೀಲರನ್ನು ಉಚಿತವಾಗಿ ಕೊಡ್ತಾರೆ. ಮಗುವನ್ನು ನೋಡೋಕೆ ಮಧ್ಯಂತರ ಅರ್ಜಿಯನ್ನೂ (ಕೇಸ್ ನಡೀತಿರುವಾಗಲೇ ಆದೇಶ ಕೇಳೋ ಅರ್ಜಿ) ಜೊತೆಗೇ ಹಾಕಿಸಿ, ಇದನ್ನು ಮಾತ್ರ ಬಿಡಬೇಡಿ, ಇಲ್ಲದಿದ್ರೆ ಕೇಸ್ ಮುಗಿಯೋವರೆಗೂ ಮಗು ಮುಖ ನೋಡದೆ ಕಾಯಬೇಕಾಗುತ್ತೆ. ಐದು ತುಂಬದ ಮಗು ಸಾಮಾನ್ಯವಾಗಿ ತಾಯಿ ಹತ್ತಿರ ಇರಬೇಕು ಅಂತ ಹಿಂದೂಗಳಿಗೆ ಅನ್ವಯಿಸೋ 1956ರ ಹಿಂದೂ ಮೈನಾರಿಟಿ ಅಂಡ್ ಗಾರ್ಡಿಯನ್‌ಶಿಪ್ ಕಾಯ್ದೆ ಹೇಳುತ್ತೆ. ಸಿಕ್ಕೇ ಸಿಗುತ್ತೆ ಅಂತಲ್ಲ, ಕೋರ್ಟ್ ಮಗುವಿನ ಹಿತ ನೋಡುತ್ತೆ, ಆದರೂ ಐದು ತುಂಬೋ ಮುಂಚೆ ಹಾಕಿಬಿಡಿ.