ಮನೆಯವರೇ ನೋಡಿಕೊಂಡರೆ ನಿಜಕ್ಕೂ ಖರ್ಚು ಕಡಿಮೆಯೇ?

ಹಾಸಿಗೆ ಹಿಡಿದ ಹಿರಿಯರನ್ನು ಮನೆಯವರೇ ನೋಡಿಕೊಳ್ಳುವುದು ಅಗ್ಗವೋ, ಸಂಬಳ ಕೊಟ್ಟು ಆರೈಕೆಗೆ ಜನ ಇಡುವುದು ಅಗ್ಗವೋ ಎಂದು ಕೇಳಿದ್ದೀರಿ. ಕೈಯಿಂದ ಹೋಗುವ ದುಡ್ಡನ್ನಷ್ಟೇ ನೋಡಿದರೆ ಮನೆಯವರ ಆರೈಕೆಯೇ ಅಗ್ಗ. ಆದರೆ ಅದು ಅರ್ಧ ಲೆಕ್ಕ.

ಅರ್ಥಶಾಸ್ತ್ರಜ್ಞರು ಇದನ್ನು ಎರಡು ರೀತಿ ಅಳೆಯುತ್ತಾರೆ. ಅದೇ ಕೆಲಸಕ್ಕೆ ಹೊರಗಿನವರನ್ನು ಇಟ್ಟರೆ ಎಷ್ಟು ಕೊಡಬೇಕು ಎನ್ನುವುದು ಒಂದು. ನೋಡಿಕೊಳ್ಳುವವರು ಆ ಹೊತ್ತಿನಲ್ಲಿ ಎಷ್ಟು ದುಡಿಯುತ್ತಿದ್ದರು ಎನ್ನುವುದು ಇನ್ನೊಂದು. ಜನ ಮರೆಯುವುದು ಈ ಎರಡನೆಯದನ್ನೇ. 45ನೇ ವಯಸ್ಸಿನಲ್ಲಿ ಮಗಳು ಕೆಲಸ ಬಿಟ್ಟಳೆನ್ನಿ. ಹೋಗುವುದು ತಿಂಗಳ ಸಂಬಳ ಮಾತ್ರವಲ್ಲ, ಮುಂದಿನ ಬಡ್ತಿ, ಪಿಂಚಣಿಗೆ ಸೇರಬೇಕಿದ್ದ ಹಣ ಎಲ್ಲವೂ. ಕೆಲವು ವರ್ಷ ಬಿಟ್ಟು ಮರಳಿದರೆ ಹಳೇ ಸಂಬಳ ಸಿಗುವುದೂ ಕಷ್ಟ. ಜತೆಗೆ ರೋಗಿಯನ್ನು ಎತ್ತಿ ಕೂರಿಸಿ, ಮಗ್ಗುಲು ಬದಲಿಸಿ ಬರುವ ಬೆನ್ನುನೋವು, ನಿದ್ದೆಗೇಡು.

ವೃತ್ತಿಪರ ಸೇವೆ ದುಬಾರಿ ಏಕೆ? ವಾರಕ್ಕೆ 168 ಗಂಟೆ. ಒಬ್ಬರು 40 ಗಂಟೆ ದುಡಿದರೆ ಹಗಲೂ ರಾತ್ರಿಯ ಆರೈಕೆಗೆ ನಾಲ್ವರೂ ಸಾಲುವುದಿಲ್ಲ. ಮನೆಯಲ್ಲಿ ಈ ಹೊರೆ ಎಷ್ಟೋ ಸಲ ಒಬ್ಬರ ಮೇಲೇ ಬೀಳುತ್ತದೆ, ಹೆಚ್ಚಾಗಿ ಹೆಂಗಸರ ಮೇಲೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 2018ರ ವರದಿಯಂತೆ, ಮನೆಗೆಲಸವೂ ಸೇರಿ ಜಗತ್ತಿನ ಸಂಬಳವಿಲ್ಲದ ಆರೈಕೆ ಕೆಲಸದಲ್ಲಿ ಮುಕ್ಕಾಲು ಪಾಲು ಹೆಂಗಸರದ್ದು. ಹೆಂಗಸರು, ಗಂಡಸರು ಸೇರಿ ಮಾಡುವ ಈ ಒಟ್ಟು ಕೆಲಸದ ಮೌಲ್ಯ ಜಾಗತಿಕ ಜಿಡಿಪಿಯ ಸುಮಾರು 9%.

ದಿನಕ್ಕೆ ಒಂದೆರಡು ಗಂಟೆಯ ಸಹಾಯ ಸಾಕೆನ್ನುವಂತಿದ್ದರೆ ಮನೆಯವರೇ ನಿಭಾಯಿಸಬಹುದು. ಅದಕ್ಕಿಂತ ಹೆಚ್ಚು ಬೇಕಿದ್ದರೆ, ಕೆಲಸ ಬಿಡುವ ಮುನ್ನ ನಿಮ್ಮ ಡ್ಯೂಟಿ ಹೊತ್ತಿಗಷ್ಟೇ ಯಾರನ್ನಾದರೂ ಇಟ್ಟರೆ ಎಷ್ಟಾಗುತ್ತದೆ ಎಂದು ವಿಚಾರಿಸಿ, ನಿವೃತ್ತಿವರೆಗಿನ ಆದಾಯದ ಜತೆ ಹೋಲಿಸಿ ನೋಡಿ.