ಕಥೋಲಿಕರು ಸ್ಟೆಮ್ ಸೆಲ್ ಕಸಿ ಮಾಡಿಸಿಕೊಂಡರೆ ಪಾಪವೇ?

ತಮ್ಮನಿಗೆ ರಕ್ತದ ಕ್ಯಾನ್ಸರ್, ಡಾಕ್ಟರು ಸ್ಟೆಮ್ ಸೆಲ್ (ಬೇರೆ ಕೋಶಗಳನ್ನು ಹುಟ್ಟಿಸಬಲ್ಲ ಮೂಲಕೋಶ) ಕಸಿ ಮಾಡಿಸಿ ಎಂದಿದ್ದಾರೆ, ಆದರೆ ಚರ್ಚ್ ಇದನ್ನು ಒಪ್ಪುವುದಿಲ್ಲವಂತೆ, ಮಾಡಿಸಿದರೆ ಪಾಪವೇ ಎಂದು ಕೇಳಿದ್ದೀರಿ. ಖಂಡಿತ ಪಾಪವಲ್ಲ. ನಾನೂ ಕಥೋಲಿಕನೇ. ಧೈರ್ಯವಾಗಿ ಮಾಡಿಸಿ.

ಚರ್ಚ್ ಬೇಡ ಎನ್ನುವುದು ಭ್ರೂಣವನ್ನು ನಾಶಮಾಡಿ ಕೋಶ ತೆಗೆಯುವುದನ್ನು. 1998ರಲ್ಲಿ ಅಮೆರಿಕದ ಜೇಮ್ಸ್ ಥಾಮ್ಸನ್ ಮಾನವ ಭ್ರೂಣದ ಸ್ಟೆಮ್ ಸೆಲ್‌ಗಳನ್ನು ಮೊದಲ ಬಾರಿಗೆ ಬೇರ್ಪಡಿಸಿ ಬೆಳೆಸಿದರು. ಅಲ್ಲಿಂದ ವಾದ ಜೋರಾಯಿತು. ಸ್ಟೆಮ್ ಸೆಲ್ ಎಂದರೆ ಭ್ರೂಣವೇ ಎಂದು ಎಷ್ಟೋ ಜನ ಈಗಲೂ ಅಂದುಕೊಂಡಿದ್ದಾರೆ.

ನಿಮ್ಮ ತಮ್ಮನಿಗೆ ಕೊಡುವ ಕೋಶಗಳಿಗೂ ಭ್ರೂಣಕ್ಕೂ ಸಂಬಂಧವೇ ಇಲ್ಲ. ಅವು ಸಾಮಾನ್ಯವಾಗಿ ದಾನಿಯ ಅಸ್ಥಿಮಜ್ಜೆಯಿಂದ ಇಲ್ಲವೇ ರಕ್ತದಿಂದ ಬರುತ್ತವೆ. ಈಗ ರಕ್ತದಿಂದ ತೆಗೆಯುವುದೇ ಜಾಸ್ತಿ. ದಾನಿಗೆ ಕೆಲವು ದಿನ ಇಂಜೆಕ್ಷನ್ ಕೊಡುತ್ತಾರೆ, ಮಜ್ಜೆಯ ಕೋಶಗಳು ರಕ್ತಕ್ಕೆ ಇಳಿಯುತ್ತವೆ. ಯಂತ್ರ ಅವನ್ನು ಬೇರ್ಪಡಿಸಿಕೊಂಡು ಉಳಿದ ರಕ್ತವನ್ನು ದಾನಿಗೇ ಮರಳಿಸುತ್ತದೆ. ವಯಸ್ಕರ ದೇಹದಿಂದ, ಹೆರಿಗೆಯ ಹೊತ್ತಿನಲ್ಲಿ ಹೊಕ್ಕುಳಬಳ್ಳಿಯ ರಕ್ತದಿಂದ ಕೋಶ ಪಡೆಯುವುದು ಸರಿಯೇ ಎಂದು ವ್ಯಾಟಿಕನ್ 2008ರಲ್ಲಿ ಹೊರಡಿಸಿದ ಸೂಚನೆಯಲ್ಲಿ ಸ್ಪಷ್ಟವಾಗಿದೆ. ಅದಕ್ಕೂ ಮೊದಲು, 2000ದಲ್ಲಿ, ಪೋಪ್ ಎರಡನೇ ಜಾನ್ ಪಾಲ್ ರೋಮಿನಲ್ಲಿ ಕಸಿ ತಜ್ಞರ ಮುಂದೆ ಅಂಗದಾನವನ್ನು ಪ್ರೀತಿಯ ಕೆಲಸ ಎಂದು ಹೊಗಳಿದ್ದರು. ಭ್ರೂಣ ಬೇಡ, ವಯಸ್ಕರ ಕೋಶಗಳ ದಾರಿ ಹಿಡಿಯಿರಿ ಎಂದು ಹೇಳಿದ್ದೂ ಅದೇ ಭಾಷಣದಲ್ಲಿ.

ನಿಮ್ಮ ಮನೆಯಲ್ಲಿ ಮನಸ್ಸಾಕ್ಷಿಯ ಪ್ರಶ್ನೆ ಏಳುವುದಿದ್ದರೆ ಅದು ದಾನಿಯ ವಿಚಾರದಲ್ಲಿ. ಒಡಹುಟ್ಟಿದ ಒಬ್ಬೊಬ್ಬರಿಗೂ ಪೂರ್ತಿ ಹೊಂದಿಕೆಯಾಗುವ ಸಾಧ್ಯತೆ 25%. ಹಾಗಾಗಿ ನಿಮ್ಮನ್ನೂ ಪರೀಕ್ಷೆ ಮಾಡಬಹುದು. ಹೊಂದಿಕೆಯಾದರೆ ಮನೆಯವರೆಲ್ಲ ನಿಮ್ಮ ಮುಖ ನೋಡುತ್ತಾರೆ, ಅಲ್ವಾ? ಆಗ ಭಯವಾದರೆ ಸುಮ್ನೆ ನುಂಗಿಕೊಳ್ಳಬೇಡಿ. ನೋವು ಎಷ್ಟು, ಅಪಾಯ ಏನು ಎಂದು ಡಾಕ್ಟರನ್ನು ಬೇರೆಯಾಗಿ, ಮನೆಯವರಿಲ್ಲದಾಗ ಕೇಳಿ. ಆಗಲ್ಲ ಎನ್ನುವ ಹಕ್ಕು ದಾನಿಗಿದೆ. ಒತ್ತಾಯದಿಂದ ಪಡೆದದ್ದನ್ನು ದಾನ ಎನ್ನಲು ನನಗೆ ಮನಸ್ಸು ಬರುವುದಿಲ್ಲ.

ಆದರೆ ಆ ತೀರ್ಮಾನ ಬೇಗ ಆಗಬೇಕು. ಕಸಿಗೆ ಮುಂಚಿನ ದಿನಗಳಲ್ಲಿ ಭಾರೀ ಕೀಮೋಥೆರಪಿ ಕೊಡುತ್ತಾರೆ, ಕೆಲವೊಮ್ಮೆ ರೇಡಿಯೇಷನ್ ಕೂಡ. ಅದರಿಂದ ರೋಗಿಯ ಸ್ವಂತ ಮಜ್ಜೆ ನಾಶವಾಗುತ್ತದೆ. ಆ ಹಂತದಲ್ಲಿ ದಾನಿ ಹಿಂದೆ ಸರಿದರೆ ರೋಗಿಯ ಜೀವಕ್ಕೇ ಅಪಾಯ. ಆದ್ದರಿಂದ ನಿಮ್ಮ ಫಾದರ್ ಜೊತೆ ಮಾತಾಡುವುದಿದ್ದರೆ ಈ ವಾರವೇ ಮಾತಾಡಿ. ಡಾಕ್ಟರು ಕೊಟ್ಟ ಕಾಗದಗಳನ್ನೂ ತೆಗೆದುಕೊಂಡು ಹೋಗಿ.