ಕಾರ್ಡ್ ಹಾಕಿದ್ಮೇಲೆ ಕಂಪ್ಯೂಟರ್ ಕಣ್ಣೇ ಬಿಡ್ತಿಲ್ಲ

ಪ್ರಶ್ನೆ: ಸರ್, ನಮ್ಮದು ಚಿಕ್ಕ ಡಿಟಿಪಿ ಅಂಗಡಿ. ಯಾವುದೋ ಆಫೀಸಿನಲ್ಲಿ ಓಡಿಸಿ ಮಾರಿದ್ದ ಬ್ರ್ಯಾಂಡೆಡ್ ಕಂಪ್ಯೂಟರ್ ಇದೆ. ಮಗ ವೀಡಿಯೊ ಎಡಿಟಿಂಗ್ ಮಾಡ್ತೀನಿ ಅಂತ ಸೆಕೆಂಡ್ ಹ್ಯಾಂಡ್ ಗ್ರಾಫಿಕ್ಸ್ ಕಾರ್ಡ್ ತಂದು ಹಾಕಿದ. ಈಗ ಫ್ಯಾನ್ ತಿರುಗುತ್ತದೆ, ಮಾನಿಟರ್‌ನಲ್ಲಿ 'ನೋ ಸಿಗ್ನಲ್' ಅಂತ ಬರುತ್ತದೆ. ಮಾರಿದವರನ್ನು ಕೇಳಿದರೆ ನಿಮ್ಮ ಮದರ್‌ಬೋರ್ಡ್ ಹೋಗಿದೆ ಅಂತಾರೆ. ಕಾರ್ಡಿನ ಅಂಚಿನಲ್ಲಿ ಆರು ಪಿನ್ನಿನ ಸಾಕೆಟ್ ಒಂದಿದೆ, ಅದಕ್ಕೆ ಹಾಕುವ ವೈರ್ ನಮ್ಮಲ್ಲಿ ಇಲ್ಲದ್ದರಿಂದ ಖಾಲಿ ಬಿಟ್ಟಿದ್ದೇವೆ. ಎಸ್‌ಎಂಪಿಎಸ್ (ಒಳಗಿನ ಪವರ್ ಸಪ್ಲೈ ಡಬ್ಬ) ಮೇಲೆ 240 ವ್ಯಾಟ್ ಅಂತಿದೆ. ಲಗ್ನಪತ್ರಿಕೆ ಆರ್ಡರ್ ಕೈಯಲ್ಲಿವೆ, ಬೇಗ ತಿಳಿಸಿ.
— ಓದುಗರೊಬ್ಬರು, ದಾವಣಗೆರೆ

ಉತ್ತರ: ಸುಮ್ನೆ ಅಂತ ಕೊನೆಯಲ್ಲಿ ಸೇರಿಸಿದ್ದೀರಲ್ಲ ಖಾಲಿ ಸಾಕೆಟ್ಟಿನ ವಿಷಯ, ರೋಗ ಇರುವುದು ಬಹುಶಃ ಅಲ್ಲೇ. ಆದರೆ ಮೊದಲು ಲಗ್ನಪತ್ರಿಕೆ ಕೆಲಸ ಶುರುವಾಗಲಿ. ಸ್ವಿಚ್ ಆಫ್ ಮಾಡಿ, ಪ್ಲಗ್ ಕೀಳಿ, ಆಮೇಲೆ ಪವರ್ ಬಟನ್ನನ್ನು ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ, ಒಳಗೆ ಉಳಿದ ಕರೆಂಟ್ ಇಳಿಯುತ್ತದೆ. ಕಾರ್ಡ್ ತೆಗೆದು, ಮಾನಿಟರ್ ಕೇಬಲ್ಲನ್ನು ಮೊದಲಿದ್ದ ಜಾಗಕ್ಕೇ ಹಾಕಿ ಆನ್ ಮಾಡಿ. ಮೊದಲಿನ ಹಾಗೆ ವಿಂಡೋಸ್ ಬಂದರೆ ಮದರ್‌ಬೋರ್ಡ್ ಹೋಗಿದೆ ಅನ್ನೋ ಮಾತನ್ನು ಮರೆತುಬಿಡಿ. ಬರಲೇ ಇಲ್ಲವಾ? ರ್‍ಯಾಮ್ ಒಮ್ಮೆ ತೆಗೆದು ಗಟ್ಟಿಯಾಗಿ ಕೂರಿಸಿ. ಕಾರ್ಡ್ ಹಾಕುವ ಗಡಿಬಿಡಿಯಲ್ಲಿ ಕೈ ತಾಗಿ ಅದು ಸಡಿಲ ಆಗುವುದು ಜಾಸ್ತಿ.

ಈಗ ಆ ಆರು ಪಿನ್. ಕಾರ್ಡ್ ಕೂರುವ ಸ್ಲಾಟ್ ಹೆಚ್ಚೆಂದರೆ 75 ವ್ಯಾಟ್ ಕೊಡುತ್ತದೆ. ಅಷ್ಟು ಸಾಲದು ಅನ್ನುವ ಕಾರ್ಡಿಗೆ ಮಾತ್ರ ಈ ಸಾಕೆಟ್ ಇಟ್ಟಿರುತ್ತಾರೆ, ಅದರಿಂದ ಇನ್ನೊಂದು 75 ವ್ಯಾಟ್. ಎಂಟು ಪಿನ್ ಇದ್ದರೆ 150. ಅದನ್ನು ಖಾಲಿ ಬಿಟ್ಟರೆ ಕಾರ್ಡಿನ ಫ್ಯಾನ್ ಸುತ್ತಬಹುದು, ಚಿತ್ರ ಬರಲ್ಲ. ಮಾರ್ಕೆಟ್‌ನಲ್ಲಿ ಕನ್ವರ್ಟರ್ ವೈರ್ ಸಿಗುತ್ತದೆ ಅಂತ ಯಾರಾದರೂ ಹೇಳುತ್ತಾರೆ. ಸಿಗುತ್ತದೆ ನಿಜ, ಆದರೆ 240 ವ್ಯಾಟಿನ ಹಳೇ ಎಸ್‌ಎಂಪಿಎಸ್ ಮೇಲೆ ಆ ಭಾರ ಹೊರಿಸಬೇಡಿ. ಇನ್ನೊಂದು, ಪ್ರೊಸೆಸರ್ ಪಕ್ಕದಲ್ಲಿ ಹೋಗುವ ನಾಲ್ಕು ಅಥವಾ ಎಂಟು ಪಿನ್ನಿನ ವೈರ್ ನೋಡಲು ಇದರ ಥರವೇ ಇರುತ್ತದೆ, ಅದನ್ನು ಒತ್ತಿ ತುರುಕಿದರೆ 12 ವೋಲ್ಟ್ ಬರಬೇಕಾದಲ್ಲಿ ಗ್ರೌಂಡ್, ಗ್ರೌಂಡ್ ಇರಬೇಕಾದಲ್ಲಿ 12 ವೋಲ್ಟ್ ಆಗಿ ಕಾರ್ಡ್ ಸುಟ್ಟೇ ಹೋಗಬಹುದು.

ದೊಡ್ಡ ಎಸ್‌ಎಂಪಿಎಸ್ ತರ್ತೀವಿ ಅಂದರೆ, ಆಫೀಸ್ ಮಾಡೆಲ್‌ಗಳಲ್ಲಿ ಕನೆಕ್ಟರ್ರೂ ಅಳತೆಯೂ ಬೇರೆ ಇರುವುದುಂಟು, ಅಂಗಡಿಯಲ್ಲಿ ಸಿಗುವುದು ಕೂರದೇ ಇರಬಹುದು. ನಾನಾದರೆ ಕಾರ್ಡನ್ನೇ ಬದಲಾಯಿಸುತ್ತೇನೆ. ಜಿಟಿ 1030 ಅಥವಾ ಹೆಚ್ಚುವರಿ ಪವರ್ ಸಾಕೆಟ್ ಇಲ್ಲದ ಜಿಟಿಎಕ್ಸ್ 1650 ಸ್ಲಾಟಿನ ಕರೆಂಟಿನಲ್ಲೇ ನಡೆಯುತ್ತವೆ. ಕ್ಯಾಬಿನೆಟ್ ತೆಳ್ಳಗಿದ್ದರೆ ಲೋ ಪ್ರೊಫೈಲ್, ಅಂದರೆ ಗಿಡ್ಡ ಕಾರ್ಡ್ ಬೇಕು, ಅಳತೆ ತಗೊಂಡೇ ಹೋಗಿ. ಅಂದಹಾಗೆ, ನುಡಿಗೆ, ಕೋರಲ್‌ಡ್ರಾಗೆ ಇದ್ಯಾವುದೂ ಬೇಕಿಲ್ಲ, ಇದು ಮಗನಿಗೋಸ್ಕರ ಮಾತ್ರ.

ಹೊಸ ಕಾರ್ಡ್ ಹಾಕಿದ ಮೇಲೂ ಸ್ಕ್ರೀನ್ ಕಪ್ಪಗೇ ಇದ್ದರೆ ಮೊದಲು ಕೇಬಲ್ ನೋಡಿ. ಮಾನಿಟರ್ ಕೇಬಲ್ ಈಗ ಕಾರ್ಡಿಗೆ ಬರಬೇಕು, ಹಳೇ ಪೋರ್ಟಿಗಲ್ಲ. ಆಮೇಲೆ ಸ್ಕ್ರೂ. ನಾನು ಒಂದು ಭಾನುವಾರ ಪೂರ್ತಿ ಇದರಲ್ಲೇ ಕಳೆದಿದ್ದೇನೆ. ಹಿಂದಿನ ಪಟ್ಟಿಯ ಸ್ಕ್ರೂ ಬಿಗಿ ಮಾಡಿದಾಗಲೆಲ್ಲ ಕಾರ್ಡಿನ ಆ ಕಡೆಯ ತುದಿ ಸ್ಲಾಟಿನಿಂದ ನೂಲಿನಷ್ಟು ಮೇಲೇಳುತ್ತಿತ್ತು, ಚಿನ್ನದ ಬಣ್ಣದ ಗೆರೆ ಸ್ವಲ್ಪ ಕಾಣುತ್ತಿತ್ತು, ಅಷ್ಟೇ. ಸ್ಕ್ರೂ ಸಡಿಲ ಬಿಟ್ಟು, ಕ್ಲಿಪ್ 'ಟಕ್' ಅನ್ನುವವರೆಗೆ ಒತ್ತಿದೆ. ಬಂತು.

ಹಳೇ ಬಯೋಸ್ (ಆನ್ ಮಾಡಿದ ಕೂಡಲೇ ಮೊದಲು ಓಡುವ ಮದರ್‌ಬೋರ್ಡಿನ ಪ್ರೋಗ್ರಾಂ) ಹೊಸ ಕಾರ್ಡನ್ನು ಗುರುತಿಸದೇ ಇರುವುದೂ ಇದೆ, ಆಗ ಕಂಪನಿ ಸೈಟಿನಲ್ಲಿ ಬಯೋಸ್ ಅಪ್‌ಡೇಟ್ ಇದೆಯಾ ನೋಡಿ. ಮದರ್‌ಬೋರ್ಡಿನ ಮೇಲಿರುವ ಸಿಆರ್2032 ಬ್ಯಾಟರಿ ತೆಗೆದು ಬಯೋಸ್ ರೀಸೆಟ್ ಮಾಡಲು ಅವಸರ ಪಡಬೇಡಿ. ಮಾಡಲೇಬೇಕಾದರೆ ಮೊದಲು ಅದರ ಸೆಟ್ಟಿಂಗ್‌ಗಳ ಫೋಟೊ ಮೊಬೈಲಿನಲ್ಲಿ ತೆಗೆದಿಡಿ. ಬಿಟ್‌ಲಾಕರ್ (ಡಿಸ್ಕಿಗೆ ಬೀಗ ಹಾಕುವ ವಿಂಡೋಸ್ ಸೌಲಭ್ಯ) ಆನ್ ಇದ್ದರೆ 48 ಅಂಕಿಯ ರಿಕವರಿ ಕೀ ಕೈಯಲ್ಲಿರಲಿ, ಬಯೋಸ್ ಬದಲಾದರೆ ವಿಂಡೋಸ್ ಅದನ್ನು ಕೇಳಬಹುದು.

ಪ್ರಶ್ನೆ: ಎಂ.2 ಎಸ್‌ಎಸ್‌ಡಿ (ಮದರ್‌ಬೋರ್ಡಿನ ಮೇಲೇ ಕೂರುವ ಚಿಕ್ಕ ಡಿಸ್ಕ್) ಹಾಕಿದೆ. ಕಂಪ್ಯೂಟರ್ ಆನ್ ಆಗುತ್ತೆ, ಆದರೆ ಬೂಟ್ ಡಿವೈಸ್ ಇಲ್ಲ ಅನ್ನುತ್ತೆ. ವಿಂಡೋಸ್ ಇರುವುದು ಕೇಬಲ್ಲಿನಲ್ಲಿ ಜೋಡಿಸಿದ ಹಳೇ ಸಾಟಾ ಡಿಸ್ಕಿನಲ್ಲಿ. ಅದು ಸತ್ತಿತಾ?
— ಓದುಗರೊಬ್ಬರು, ಶಿರಸಿ

ಉತ್ತರ: ಇಲ್ಲ ಮಾರಾಯ್ರೆ, ಹೆದರಬೇಡಿ. ಬಹಳ ಬೋರ್ಡುಗಳಲ್ಲಿ ಎಂ.2 ಸ್ಲಾಟ್ ತುಂಬಿದರೆ ಒಂದೆರಡು ಸಾಟಾ ಪೋರ್ಟ್ ತಾನಾಗೇ ಬಂದ್ ಆಗುತ್ತವೆ. ಯಾವುದು ಅಂತ ಮ್ಯಾನ್ಯುಯಲ್‌ನಲ್ಲಿ ಬರೆದಿರುತ್ತದೆ. ಡಿಸ್ಕಿನ ಕೇಬಲ್ ಬೇರೆ ಪೋರ್ಟಿಗೆ ಬದಲಿಸಿ. ಬಯೋಸ್‌ನಲ್ಲಿ ಡಿಸ್ಕ್ ಕಾಣುತ್ತಿದ್ದೂ ಹೀಗಾದರೆ ಬೂಟ್ ಆರ್ಡರ್‌ನಲ್ಲಿ (ಯಾವ ಡಿಸ್ಕಿನಿಂದ ಮೊದಲು ಶುರುವಾಗಬೇಕು ಅನ್ನುವ ಪಟ್ಟಿ) ಹೊಸ ಎಸ್‌ಎಸ್‌ಡಿ ಮೇಲೆ ಹೋಗಿ ಕೂತಿರುತ್ತದೆ, ಹಳೆಯದನ್ನು ಮೊದಲಿಗೆ ತನ್ನಿ.